ನಮ್ಮ ಡ್ರಾಯಿಂಗ್ ಮೇಷ್ಟ್ರು, ಚಿತ್ರಗಾರ ವೆಂಕಟಪ್ಪನವರು

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯವರು ಫೋನ್ ಮಾಡಿದಾಗ ವಿಷಯವನ್ನೂ ಅವರೇ ಸೂಚಿಸಿದ್ದರು. ಹಳ್ಳಿಯ ಮಕ್ಕಳು ಸಾಫ್ಟ್‌ವೇರ್ ಕೆಲಸಕ್ಕೆ ಹೋಗುವುದು ಹೇಗೆ ಎಂದು ನಾಲ್ಕು ಪುಟ ಬರೆದರೆ ಈಗ ಓದುತ್ತಿರುವವರಿಗೆ ಅನುಕೂಲ ಎಂಬುದು ಅವರ ಅಭಿಪ್ರಾಯ. ಒಪ್ಪಿಕೊಂಡು ಕೂತೆ. ಎರಡು ಭಾನುವಾರ ಕಳೆದರೂ ಒಂದು ಪುಟ ದಾಟಲಿಲ್ಲ. ಆ ವಿಷಯವನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ನಮ್ಮ 2004ರ ಎಸ್ಸೆಸ್ಸೆಲ್ಸಿ ಬ್ಯಾಚಿನಲ್ಲೇ ಮೂರು ಜನ ಇದ್ದಾರೆ. ಅವರು ಬರೆಯಲಿ. ನಾನು ಚಿತ್ರಗಾರ ಕೆ. ವೆಂಕಟಪ್ಪನವರ ಬಗ್ಗೆ ಬರೆಯುತ್ತೇನೆ. ಅವರು ತೀರಿಕೊಂಡದ್ದು 1965ರಲ್ಲಿ, ನಾನು ಹುಟ್ಟುವುದಕ್ಕೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಮೊದಲು. ನಮ್ಮ ಶಾಲೆಗೂ ಅವರಿಗೂ ನೇರ ಸಂಬಂಧವಿಲ್ಲ. ಆದರೆ ಅವರ ಹೆಸರನ್ನು ನಾನು ಮೊದಲು ಕೇಳಿದ್ದು ನಮ್ಮ ಶಾಲೆಯ ಮೂಲೆಯ ಕೊಠಡಿಯಲ್ಲಿ, ಡ್ರಾಯಿಂಗ್ ಮೇಷ್ಟ್ರ ಬಾಯಲ್ಲಿ.

ಆ ಕಾಲದ ಹಳೆಯ ವಿದ್ಯಾರ್ಥಿಗಳಿಗೆ ಮೇಷ್ಟ್ರು ಯಾರೆಂದು ಹೇಳಬೇಕಿಲ್ಲ. ಹೆಸರು ಬರೆಯಬಾರದೆಂದು ಅವರೇ ಹೇಳಿದ್ದಾರೆ, ಹಾಗಾಗಿ ಬರೆಯುವುದಿಲ್ಲ. ಒಂಬತ್ತನೇ ತರಗತಿಯಲ್ಲಿ ಒಮ್ಮೆ ಊರ ಕೆರೆಯ ಸಂಜೆ ಎಂಬ ವಿಷಯ ಕೊಟ್ಟು ಚಿತ್ರ ಬರೆದು ತರಲು ಹೇಳಿದರು. ನಾನು ಆಕಾಶಕ್ಕೆ ನೀಲಿ, ನೀರಿಗೆ ನೀಲಿ, ಬೆಟ್ಟಕ್ಕೆ ಹಸಿರು, ಸೂರ್ಯನಿಗೆ ಕೆಂಪು ಬಳಿದು ಕೊಟ್ಟೆ. ಮೇಷ್ಟ್ರು ಅದಕ್ಕೆ ಮಾರ್ಕು ಹಾಕಲಿಲ್ಲ. ಶಾಲೆ ಬಿಟ್ಟ ಮೇಲೆ ನನ್ನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಕೆರೆ ಏರಿಗೆ ಹೋಗಿ, ಆರೂವರೆಯವರೆಗೆ ಸುಮ್ಮನೆ ನಿಲ್ಲಿಸಿದರು. ಆಚೆ ದಡದ ಬೆಟ್ಟ ಹಸಿರಾಗಿರಲಿಲ್ಲ. ಮೊದಲು ತೆಳು ನೇರಳೆ, ಆಮೇಲೆ ಬೂದಿ ಬಣ್ಣ, ಕೊನೆಗೆ ಆಕಾಶಕ್ಕಿಂತ ಒಂದಿಷ್ಟೇ ಗಾಢವಾದ ಒಂದು ಬಣ್ಣ, ಅದಕ್ಕೆ ನನ್ನ ಪೆಟ್ಟಿಗೆಯಲ್ಲಿ ಹೆಸರಿರಲಿಲ್ಲ. ನೀರು ಮಾತ್ರ ಆಕಾಶಕ್ಕಿಂತ ಹೆಚ್ಚು ಹೊತ್ತು ಬೆಳಗಿತ್ತು. ವಾಪಸು ಬರುವಾಗ ಮೇಷ್ಟ್ರು ಹೇಳಿದ್ದು, ಬೆಂಗಳೂರಿಗೆ ಯಾವಾಗಲಾದರೂ ಹೋದರೆ ಕಸ್ತೂರಬಾ ರಸ್ತೆಯಲ್ಲಿ ವೆಂಕಟಪ್ಪನವರ ಊಟಿಯ ಚಿತ್ರಗಳಿವೆ, ನೋಡು ಅಂತ.

ಪಿಯುಸಿ ಮುಗಿಸಿ ಬಿಇಗೆ ಬೆಂಗಳೂರಿಗೆ ಬಂದಾಗ ನಾನು ಇದ್ದದ್ದು ಬಳೇಪೇಟೆಯ ಒಂದು ಗಲ್ಲಿಯಲ್ಲಿ, ಸೋದರಮಾವನ ಮನೆಯಲ್ಲಿ. ಮಾವ ಸಗಟು ಬಳೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ನಮ್ಮೂರಿನ ಬಸ್ಸಿಳಿದು ಮೆಜೆಸ್ಟಿಕ್ಕಿನಿಂದ ನಡೆದೇ ಹೋಗಬಹುದಾದ ಪೇಟೆ ಅದು. ಮದುವೆ ಜವಳಿಗೆ, ಬಳೆಗೆ, ತಬಲಾ ಹಾರ್ಮೋನಿಯಂಗೆ ಹೋದವರು ನಮ್ಮೂರಲ್ಲೂ ಇದ್ದೀರಿ. ನಮ್ಮ ಮಹಡಿಯ ಕೆಳಗೆ ವೀಣೆ ರಿಪೇರಿ ಮಾಡುವ ಒಂದು ಸಣ್ಣ ಅಂಗಡಿ. ವೀಣೆಗೆ ಇಪ್ಪತ್ನಾಲ್ಕು ಮೆಟ್ಟಿಲು. ಅವನ್ನು ಕರಿಮೇಣದಲ್ಲಿ ಕೂರಿಸಬೇಕು. ಸೆಖೆ ಹೆಚ್ಚಾದರೆ ಮೇಣ ಮೆತ್ತಗಾಗುತ್ತದೆ, ವರ್ಷಗಳಾದರೆ ಬಿರುಕು ಬಿಡುತ್ತದೆ, ಆಗ ಎಲ್ಲ ಕಿತ್ತು ಹೊಸದಾಗಿ ಕೂರಿಸಿ ಒಂದೊಂದು ಸ್ವರವನ್ನೂ ಕಿವಿಯಿಂದ ಹೊಂದಿಸಬೇಕು. ಮೇಣ ಕಾಯಿಸುವ ವಾಸನೆ ನಮ್ಮ ಮನೆಯ ಪರದೆಗಳಲ್ಲೂ ಕೂತಿತ್ತು. ಅಂಗಡಿಯ ಹಿರಿಯರಿಗೆ ನಾನು ಚಿತ್ರ ಬರೆಯುತ್ತೇನೆಂದು ಗೊತ್ತಾದ ದಿನ ಅವರು ಹೇಳಿದ ಹೆಸರೂ ವೆಂಕಟಪ್ಪನವರದೇ. ಅವರ ಲೆಕ್ಕದಲ್ಲಿ ಅವರು ಚಿತ್ರಗಾರರಲ್ಲ, ವೀಣೆಯ ಹುಚ್ಚು ಹಿಡಿಸಿಕೊಂಡವರು. ಊರಿನಲ್ಲಿ ಒಬ್ಬರು, ಪೇಟೆಯಲ್ಲಿ ಒಬ್ಬರು ಒಂದೇ ಹೆಸರನ್ನು ಬೇರೆ ಬೇರೆ ಕಾರಣಕ್ಕೆ ಹೇಳಿದ್ದರಿಂದ ಮುಂದಿನ ಶನಿವಾರ ಗ್ಯಾಲರಿಗೆ ಹೋದೆ. ಆಮೇಲೆ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಓದಿದ್ದನ್ನು ಇಲ್ಲಿ ಹೇಳುತ್ತೇನೆ.

ವೆಂಕಟಪ್ಪನವರು ಹುಟ್ಟಿದ್ದು 1886ರಲ್ಲಿ, ಮೈಸೂರಿನಲ್ಲಿ, ಚಿತ್ರಗಾರರ ಮನೆತನದಲ್ಲಿ. ತಂದೆ ಕೃಷ್ಣಪ್ಪನವರು ಅರಮನೆಯ ಚಿತ್ರಗಾರರು. ಇದು ವಿಜಯನಗರದ ಕಾಲಕ್ಕೆ ತಮ್ಮ ಬೇರನ್ನು ಹೇಳಿಕೊಳ್ಳುವ ಕಸುಬು. ಮೈಸೂರು ಶೈಲಿಯ ಚಿತ್ರಗಳನ್ನು ನೀವೆಲ್ಲ ನೋಡಿದ್ದೀರಿ. ಹುಣಸೆ ಕಡ್ಡಿಯನ್ನು ಸುಟ್ಟ ಇದ್ದಿಲಿನಿಂದ ರೇಖೆ ಹಾಕಿಕೊಂಡು, ಒಡವೆ ಸಿಂಹಾಸನ ಕಂಬಗಳಿಗೆ ಬಿಳಿಯ ಪುಡಿ ಮತ್ತು ಅಂಟು ಕಲಸಿದ ಲೇಪವನ್ನು ತುಸು ಉಬ್ಬಿಸಿ ಹಚ್ಚಿ, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ಅಲ್ಲಿ ದೇವರ ಮುಖಕ್ಕೆ ಬೆಳಕು ಎಡಗಡೆಯಿಂದ ಬಂತೋ ಬಲಗಡೆಯಿಂದ ಬಂತೋ ಎಂದು ಕೇಳುವ ಹಾಗಿಲ್ಲ. ಬೆಳಗ್ಗೆಯೂ ಅಲ್ಲ, ಸಂಜೆಯೂ ಅಲ್ಲ. ಚಿನ್ನವೇ ಬೆಳಕು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಈ ಮನೆಯ ಹುಡುಗ ಮುಂದೆ ಬರೆದ ಒಳ್ಳೆಯ ಚಿತ್ರಗಳಲ್ಲಿ ಚಿನ್ನ ಇಲ್ಲ, ದೇವರೂ ಇಲ್ಲ, ಇರುವುದು ಗಂಟೆ ಮಾತ್ರ: ಇದು ಮುಂಜಾನೆ, ಇದು ಮಳೆ ಬಿಟ್ಟ ಹೊತ್ತು, ಇದು ಬೆಳದಿಂಗಳು.

ಆತನ ಬಾಲ್ಯದಲ್ಲಿ ಮೈಸೂರು ಬದಲಾಗುತ್ತಿತ್ತು. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಗಿ ಹೊಸದು ಏಳುತ್ತಿತ್ತು, ಅದು ಮುಗಿದದ್ದು 1912ರಲ್ಲಿ. ರವಿವರ್ಮನ ತೈಲಚಿತ್ರಗಳಿಗೆ ಮರ್ಯಾದೆ ಹೆಚ್ಚಾಗಿತ್ತು. ಹಳೆಯ ಚಿತ್ರಗಾರರ ಮಕ್ಕಳು ಹೊಸ ಕಾಲಕ್ಕೆ ತಕ್ಕಂತೆ ಕಲಿಯಬೇಕಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಣ್ಣಿಗೆ ಈ ಹುಡುಗ ಬಿದ್ದ. 1909ರಲ್ಲಿ ಮಹಾರಾಜರ ನೆರವಿನಿಂದ ಕಲ್ಕತ್ತೆಯ ಸರ್ಕಾರಿ ಕಲಾಶಾಲೆ ಸೇರಿದ. ಇಪ್ಪತ್ಮೂರು ವರ್ಷದ, ಮನೆಯಲ್ಲೇ ಕಸುಬು ಕಲಿತ, ಬಂಗಾಳಿ ಬಾರದ ಮೈಸೂರಿನ ಹುಡುಗ. ಊರು ಬಿಟ್ಟು ಹಾಸ್ಟೆಲ್ ಸೇರಿದ ನಮ್ಮಂಥವರಿಗೆ ಆ ಮೊದಲ ತಿಂಗಳು ಹೇಗಿದ್ದೀತೆಂದು ಊಹಿಸುವುದು ಕಷ್ಟವಲ್ಲ.

ಅಲ್ಲಿ ಸಿಕ್ಕ ಗುರು ಅವನೀಂದ್ರನಾಥ ಠಾಕೂರರು. ಜೊತೆಯಲ್ಲಿ ಕಲಿಯುತ್ತಿದ್ದವರು ನಂದಲಾಲ ಬೋಸ್, ಅಸಿತ್ ಕುಮಾರ್ ಹಾಲ್ದಾರ್, ಕ್ಷಿತೀಂದ್ರನಾಥ ಮಜುಂದಾರ್ ಮೊದಲಾದವರು. 1905ರ ಬಂಗಾಳ ವಿಭಜನೆಯ ನಂತರದ ಸ್ವದೇಶಿ ಬಿಸಿ ಇನ್ನೂ ಆರಿರಲಿಲ್ಲ. ಇಂಗ್ಲಿಷರ ತೈಲಚಿತ್ರದ ನಕಲು ಬೇಡ, ನಮ್ಮದೇ ದಾರಿ ಬೇಕು ಎಂದು ಈ ಗುಂಪು ಹುಡುಕುತ್ತಿತ್ತು. 1903ರಲ್ಲಿ ಜಪಾನಿನಿಂದ ಯೊಕೊಯಾಮ ತೈಕಾನ್ ಮತ್ತು ಹಿಶಿದ ಶುನ್ಸೋ ಎಂಬ ಇಬ್ಬರು ಚಿತ್ರಗಾರರು ಕಲ್ಕತ್ತೆಗೆ ಬಂದು ಹೋಗಿದ್ದರು. ಅವರಿಂದ ಪ್ರೇರಣೆ ಪಡೆದು ಅವನೀಂದ್ರನಾಥರು ಒಂದು ವಿಧಾನ ಮಾಡಿಕೊಂಡಿದ್ದರು: ಜಲವರ್ಣ ಹಚ್ಚಿದ ಹಾಳೆಯನ್ನು ಒಣಗಿದ ಮೇಲೆ ನೀರಿನಲ್ಲಿ ಅದ್ದುವುದು, ಮತ್ತೆ ಬಣ್ಣ ಹಚ್ಚುವುದು, ಮತ್ತೆ ಅದ್ದುವುದು. ಸಡಿಲ ಬಣ್ಣ ತೊಳೆದುಹೋಗಿ, ಹಾಳೆ ಕುಡಿದದ್ದು ಮಾತ್ರ ಉಳಿಯುತ್ತದೆ. ಅಂಚುಗಳು ಕರಗಿ ಇಡೀ ಚಿತ್ರಕ್ಕೆ ಒಂದೇ ಮಬ್ಬು, ಒಂದೇ ಭಾವ ಬರುತ್ತದೆ. ಚಿನ್ನದ ರೇಕಿನ ಮನೆಯಿಂದ ಬಂದವನಿಗೆ ಇದು ಬೇರೆಯೇ ಲೋಕ.

ಕಲ್ಕತ್ತೆಯಲ್ಲಿ ವೆಂಕಟಪ್ಪನವರಿಗೆ ಹೆಸರು ಬಂತು. ಸೋದರಿ ನಿವೇದಿತಾ ಶುರುಮಾಡಿ, ಅವರು 1911ರಲ್ಲಿ ತೀರಿಕೊಂಡ ಮೇಲೆ ಆನಂದ ಕುಮಾರಸ್ವಾಮಿ ಮುಗಿಸಿ 1913ರಲ್ಲಿ ಪ್ರಕಟವಾದ ಹಿಂದೂ ಮತ್ತು ಬೌದ್ಧ ಪುರಾಣಕಥೆಗಳ ಇಂಗ್ಲಿಷ್ ಪುಸ್ತಕದಲ್ಲಿ ಅವನೀಂದ್ರನಾಥ, ನಂದಲಾಲರ ಚಿತ್ರಗಳ ಜೊತೆಗೆ ವೆಂಕಟಪ್ಪನವರ ರಾಮಾಯಣದ ಚಿತ್ರಗಳೂ ಇವೆ. ಅಲ್ಲೇ ಉಳಿದಿದ್ದರೆ ಬಂಗಾಳದ ಗುಂಪಿನ ಒಬ್ಬ ದೊಡ್ಡ ಹೆಸರಾಗಿ ಬಾಳಬಹುದಿತ್ತು. ಅವರು ಮೈಸೂರಿಗೆ ವಾಪಸಾದರು.

ಮುಂದಿನ ಕೆಲವು ವರ್ಷಗಳನ್ನು ನೋಡಿದರೆ ಯಾರಿಗಾದರೂ ಆಶ್ಚರ್ಯವಾಗುತ್ತದೆ. ಕೈಗೆ ಹೆಸರು ಬಂದಿರುವ ಚಿತ್ರಗಾರ, ವೀಣೆ ಶೇಷಣ್ಣನವರ ಬಳಿ ಕೂತು ವೀಣೆ ಕಲಿಯಲು ಶುರುಮಾಡಿದರು. ಹವ್ಯಾಸಕ್ಕಲ್ಲ. ಕುಂಚ ಬದಿಗಿಟ್ಟು ಸಾಧನೆ ಮಾಡುವಷ್ಟು. ಆ ಹುಚ್ಚನ್ನು ಅವರೇ ಒಂದು ಜಲವರ್ಣದಲ್ಲಿ ಬರೆದುಕೊಂಡಿದ್ದಾರೆ. ವೀಣೆಯ ಮೋಹದಲ್ಲಿ ಸೊರಗಿಹೋದ ತನ್ನನ್ನೇ ನೋಡಿ ಒಂದಿಷ್ಟು ನಕ್ಕಂತೆಯೂ, ಒಂದಿಷ್ಟು ತಪ್ಪೊಪ್ಪಿಕೊಂಡಂತೆಯೂ ಇರುವ ಚಿತ್ರ. ನಮ್ಮ ಗಲ್ಲಿಯ ವೀಣೆ ಅಂಗಡಿಯವರು ಹೇಳುತ್ತಿದ್ದದ್ದು ಇದನ್ನೇ ಎಂದು ಆ ಚಿತ್ರ ನೋಡಿದಾಗ ತಿಳಿಯಿತು. ಮದುವೆಯಾಗಲಿಲ್ಲ. ಶಿಸ್ತಿನ, ಒಂಟಿಯಾದ, ಬೇರೆಯವರಿಗೆ ಹೊಂದಿಕೊಳ್ಳಲು ಕಷ್ಟವಾದ ಜೀವನ. ದಿನಚರಿ ಬರೆಯುತ್ತಿದ್ದರು. ಚಿತ್ರ ಮಾರುವ ವಿಷಯದಲ್ಲಿ ತುಂಬಾ ಬಿಗಿ. ಅವರ ಮನೆಗೆ ಹೋಗಿ ಬೆಲೆ ಕೇಳಿದ ಶ್ರೀಮಂತರಿಗಿಂತ ಬರಿಗೈಯಲ್ಲಿ ಹಿಂದಿರುಗಿದ ಶ್ರೀಮಂತರೇ ಹೆಚ್ಚಿರಬೇಕು ಎಂದು ನನ್ನ ಊಹೆ.

ಇನ್ನು ಊಟಿ. ಮೈಸೂರು ಅರಸರಿಗೆ ಅಲ್ಲಿ ಫರ್ನ್‌ಹಿಲ್ ಅರಮನೆ ಇತ್ತು. ಬೇಸಿಗೆಯಲ್ಲಿ ಆಸ್ಥಾನವೇ ಅರ್ಧ ಊಟಿಗೆ ಏರುತ್ತಿತ್ತು. ಸುಮಾರು 2,240 ಮೀಟರ್ ಎತ್ತರದ ಊರು. ಬಂಡೀಪುರದ ಕಾಡು ದಾಟಿ ಘಾಟಿ ಹತ್ತಿದರೆ ಗಾಳಿಯೇ ಬೇರೆ, ಬೆಳಕೇ ಬೇರೆ. 1926ರಲ್ಲಿ ವೆಂಕಟಪ್ಪನವರು ಅಲ್ಲಿ ಬರೆದ ಜಲವರ್ಣಗಳು, ಅದರ ನಂತರ ಕೊಡೈಕೆನಾಲಿನಲ್ಲಿ ಬರೆದವು, ಇವೇ ನನ್ನ ಪ್ರಕಾರ ಅವರ ಜೀವನದ ಅತಿ ಒಳ್ಳೆಯ ಕೆಲಸ. ಅದೇ 1926ರಲ್ಲಿ ವೀಣೆ ಶೇಷಣ್ಣನವರು ತೀರಿಕೊಂಡರು.

ಈ ಚಿತ್ರಗಳು ದೊಡ್ಡವಲ್ಲ. ದೂರದಿಂದ ನೋಡಿದರೆ ಹಳೆಯ ಫೋಟೋ ಎಂದು ದಾಟಿಹೋಗುವ ಸಂಭವವೇ ಹೆಚ್ಚು. ನಾನೂ ಮೊದಲ ಸಲ ಹಾಗೆಯೇ ದಾಟಿಹೋದೆ. ಮುಂಗಾರಿನ ಮೋಡ ಒಡೆಯುವ ಹೊತ್ತು ಒಂದರಲ್ಲಿ. ಚಂದ್ರನ ಬೆಳಕಿನ ಊಟಿ ಇನ್ನೊಂದರಲ್ಲಿ. ಮಂಜಿನೊಳಗಿನ ಮರಗಳು, ಬೆಟ್ಟದ ಮಗ್ಗುಲು, ಕೊಡೈಕೆನಾಲಿನ ಕೆರೆಯ ನೀರು. ಮನುಷ್ಯರು ಇಲ್ಲವೆನ್ನುವಷ್ಟು ಕಡಿಮೆ. ಹತ್ತಿರ ಹೋಗಿ ನಿಂತರೆ ಒಂದೊಂದು ಮರದ ಎಲೆಗೊಂಚಲನ್ನೂ ಕೂದಲೆಳೆಯ ಕುಂಚದಲ್ಲಿ ಬರೆದದ್ದು ಕಾಣುತ್ತದೆ. ದಂತದ ತುಣುಕಿನ ಮೇಲೆ ಸೂಕ್ಷ್ಮ ಭಾವಚಿತ್ರ ಬರೆಯಬಲ್ಲ ಕೈ ಅದು, ಚಿತ್ರಗಾರರ ಮನೆಯ ಕೈ. ಎರಡು ಹೆಜ್ಜೆ ಹಿಂದೆ ಸರಿದರೆ ಎಲೆಗಳೆಲ್ಲ ಮಂಜಿನಲ್ಲಿ ಅಡಗಿ ಹವೆ ಮಾತ್ರ ಉಳಿಯುತ್ತದೆ. ಗುರುಗಳ ಮಬ್ಬನ್ನು ಅವರು ತೆಗೆದುಕೊಂಡರು, ಆದರೆ ಹಾಳೆಯನ್ನು ನೀರಿನಲ್ಲಿ ಅದ್ದಿ ಎಲ್ಲದರ ಮೇಲೂ ಒಂದೇ ಮಬ್ಬು ಹರಡುವುದನ್ನು ಬಿಟ್ಟರು. ಎಲ್ಲಿ ಮಂಜಿತ್ತೋ ಅಲ್ಲಿ ಮಾತ್ರ ಮಂಜು.

ನನ್ನ ಕೆಲಸ ಫೋನಿನ ಕ್ಯಾಮೆರಾಗೆ ಸಂಬಂಧಿಸಿದ ಸಾಫ್ಟ್‌ವೇರ್. ಆದ್ದರಿಂದ ಈ ಚಿತ್ರಗಳಲ್ಲಿ ಏನು ನಡೆಯುತ್ತಿದೆ ಎಂಬುದನ್ನು ನನ್ನ ಕಸುಬಿನ ಕಡೆಯಿಂದ ಸ್ವಲ್ಪ ಹೇಳಬಲ್ಲೆ. ಬೇಸರವಾದರೆ ಎರಡು ಪ್ಯಾರಾ ಬಿಟ್ಟು ಓದಿ.

ದೂರದ ಬೆಟ್ಟ ನೀಲಿಯಾಗಿ ಕಾಣುವುದು ಬೆಟ್ಟದ ಗುಣವಲ್ಲ, ನಡುವಿನ ಗಾಳಿಯ ಗುಣ. ಗಾಳಿ ನೀಲಿ ಬೆಳಕನ್ನು ಕೆಂಪಿಗಿಂತ ಹೆಚ್ಚು ಚದುರಿಸುತ್ತದೆ. ಬೆಟ್ಟ ದೂರವಾದಷ್ಟೂ ನಮಗೂ ಅದಕ್ಕೂ ನಡುವೆ ಚದುರಿದ ಬೆಳಕು ಹೆಚ್ಚು, ಬೆಟ್ಟದ ಸ್ವಂತ ಹಸಿರು ಕಡಿಮೆ. ದೂರದ ಕಪ್ಪು ಅಷ್ಟು ಕಪ್ಪಾಗಿರುವುದಿಲ್ಲ, ಬಿಳುಪು ಅಷ್ಟು ಬೆಳ್ಳಗಿರುವುದಿಲ್ಲ. ನಮ್ಮ ಕೆರೆಯಾಚೆ ನಾನು ಕಂಡದ್ದು ಇದನ್ನೇ. ಇನ್ನು ಕತ್ತಲೆಯ ವಿಷಯ. ಬೆಳಕು ಕಡಿಮೆಯಾದಂತೆ ನಮ್ಮ ಕಣ್ಣು ಕೆಂಪನ್ನು ಮೊದಲು ಕಳೆದುಕೊಳ್ಳುತ್ತದೆ. ಹಿತ್ತಿಲಿನ ಕೆಂಪು ದಾಸವಾಳವನ್ನು ಮುಸ್ಸಂಜೆಯಲ್ಲಿ ನೋಡಿ. ಹಗಲು ಎಲೆಗಿಂತ ಎದ್ದು ಕಾಣುತ್ತಿದ್ದ ಹೂವು ಕಪ್ಪಾಗಿರುತ್ತದೆ, ಎಲೆ ಇನ್ನೂ ಬೂದಿಯಾಗಿ ಕಾಣುತ್ತಿರುತ್ತದೆ. ಬೆಳದಿಂಗಳು ನೀಲಿ ಎನ್ನಿಸುವುದು ನಮ್ಮ ಕಣ್ಣಿನ ಕೆಲಸ. ಚಂದ್ರನ ಬೆಳಕು ಸೂರ್ಯನ ಬೆಳಕಿನದೇ ಪ್ರತಿಫಲನ, ಅದರಲ್ಲಿ ಹೆಚ್ಚಿನ ನೀಲಿಯೇನೂ ಇಲ್ಲ. ವೆಂಕಟಪ್ಪನವರ ಬೆಳದಿಂಗಳಲ್ಲಿ ಕೆಂಪು ಎಂಬುದು ಅಡಗಿ ಕೂತಿದೆ. ಯಾವ ಪುಸ್ತಕದ ಸೂತ್ರವೂ ಬೇಕಿರಲಿಲ್ಲ ಅವರಿಗೆ, ಚಳಿಯಲ್ಲಿ ನಿಂತು ನೋಡಿದ್ದರು.

ನಮ್ಮ ಫೋನುಗಳು ಇದಕ್ಕೆ ತದ್ವಿರುದ್ಧ. ಕ್ಯಾಮೆರಾದೊಳಗಿನ ಒಂದು ಲೆಕ್ಕ, ಚಿತ್ರದ ಎಲ್ಲ ಬಣ್ಣಗಳ ಸರಾಸರಿ ಬೂದಿಯಾಗಿರಬೇಕೆಂದು ಊಹಿಸಿಕೊಳ್ಳುತ್ತದೆ. ಸಂಜೆಯ ಹಳದಿ ಹೆಚ್ಚಾದರೆ ಅದನ್ನು ತಪ್ಪೆಂದು ತಿಳಿದು ತೆಗೆದುಹಾಕುತ್ತದೆ. ಇನ್ನೊಂದು ಲೆಕ್ಕ ರಾತ್ರಿಯನ್ನು ಹಗಲು ಮಾಡುತ್ತದೆ. ಅಂದರೆ ಹೊತ್ತು ಯಾವುದೆಂದು ಹೇಳುವ ಸುಳಿವುಗಳನ್ನೇ ಒರೆಸಿಹಾಕುವುದು. ಇಂಥ ಲೆಕ್ಕಗಳನ್ನು ಬರೆಯುವವರಲ್ಲಿ ನಾನೂ ಒಬ್ಬ. ಈಚೆಗೆ ಸಂಜೆಯ ಬಣ್ಣವನ್ನು ಉಳಿಸಿಕೊಳ್ಳುವ ಉಪಾಯಗಳು ಬಂದಿವೆ, ಆದರೆ ಪರೀಕ್ಷೆಗೆ ಕೂತ ಹತ್ತು ಜನರಲ್ಲಿ ಹೆಚ್ಚಿನವರು ಬೆಳ್ಳಗಿರುವ ಫೋಟೋವನ್ನೇ ಆರಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಂಥ ಸಂಜೆಗಳಲ್ಲಿ ಮೇಷ್ಟ್ರ ಸೈಕಲ್ಲು ನೆನಪಾಗುತ್ತದೆ.

ಜಲವರ್ಣದ ಇನ್ನೊಂದು ಮಾತು ಹೇಳಲೇಬೇಕು. ಪಾರದರ್ಶಕವಾಗಿ ಬಣ್ಣ ಹಚ್ಚುವ ಕ್ರಮದಲ್ಲಿ ಬಿಳುಪು ಎಂದರೆ ಹಾಳೆಯೇ. ಮೋಡದ ಅಂಚಿನ ಹೊಳಪನ್ನು ಕೊನೆಯಲ್ಲಿ ಬಳಿಯಲಾಗುವುದಿಲ್ಲ, ಮೊದಲೇ ಅಲ್ಲಿ ಬಣ್ಣ ಹಚ್ಚದೆ ಬಿಡಬೇಕು. ತಪ್ಪಾದರೆ ತಿದ್ದುವುದು ಬಲು ಕಷ್ಟ. ಹೀಗೆ ಗಂಟೆಗಟ್ಟಲೆ, ದಿನಗಟ್ಟಲೆ ಸುತ್ತಲೂ ಬರೆಯುತ್ತಾ ಒಂದು ಜಾಗವನ್ನು ಕಾಪಾಡಿಕೊಂಡು ಬರುವುದು ವೆಂಕಟಪ್ಪನವರ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು. ಬೆಂಗಳೂರಿನ ಇನ್ನೊಬ್ಬ ದೊಡ್ಡ ಚಿತ್ರಗಾರ, ಸ್ವಾತಂತ್ರ್ಯ ಹೋರಾಟಗಾರರೂ ಆಗಿದ್ದ ರುಮಾಲೆ ಚನ್ನಬಸವಯ್ಯನವರು ಹೂಬಿಟ್ಟ ಮರಗಳ ಮುಂದೆಯೇ ಕೂತು ಕೆಂಪು ಹಳದಿಗಳನ್ನು ಎರಚಿದಂತೆ ಬರೆದವರು. ಅವರ ಚಿತ್ರ ನೋಡಿದರೆ ಮನಸ್ಸು ಹಗುರಾಗುತ್ತದೆ. ವೆಂಕಟಪ್ಪನವರ ಚಿತ್ರ ನೋಡಿದರೆ ಮಾತು ಕಡಿಮೆಯಾಗುತ್ತದೆ. ನನಗೆ ಎರಡೂ ಬೇಕು, ಆದರೆ ಮನೆಯಲ್ಲಿ ಒಂದೇ ಇಟ್ಟುಕೊಳ್ಳಬಹುದು ಎಂದರೆ ಎರಡನೆಯದು.

ಮೈಸೂರು ಅರಮನೆಗೆ ಅವರು ಇನ್ನೊಂದು ದೊಡ್ಡ ಕೆಲಸವನ್ನೂ ಹಿಡಿದಿದ್ದರು. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪಗಳು, ಪುರಾಣದವು, ಬುದ್ಧನ ಕಥೆಯವು. ಉಬ್ಬುಶಿಲ್ಪವೂ ಒಂದು ರೀತಿಯಲ್ಲಿ ಬೆಳಕಿನ ಕೆಲಸವೇ. ಬಣ್ಣವಿಲ್ಲ, ಬಿಳಿಯ ಮೇಲೆ ಬಿದ್ದ ನೆರಳಷ್ಟೇ ರೇಖೆ. 1940ರ ಆಗಸ್ಟಿನಲ್ಲಿ ನಾಲ್ವಡಿಯವರು ತೀರಿಕೊಂಡರು. ಮೂವತ್ತು ವರ್ಷ ಬೆನ್ನಿಗಿದ್ದ ಆಶ್ರಯ ಮುಗಿಯಿತು. ಶಿಲ್ಪದ ಕೆಲಸ ನಿಂತಿತು, ಹಣದ ವಿಷಯದಲ್ಲಿ ತಕರಾರು ಬಂತು. ವೆಂಕಟಪ್ಪನವರು ಸುಮ್ಮನಾಗಲಿಲ್ಲ, ನ್ಯಾಯಾಲಯಕ್ಕೆ ಹೋದರು.

ಆಗಿನ ಮೈಸೂರು ಸಂಸ್ಥಾನದಲ್ಲಿ ಅರಮನೆಯ ಚಿತ್ರಗಾರನ ಮಗ ಅರಮನೆಯ ಮೇಲೆಯೇ ದಾವೆ ಹೂಡುವುದೆಂದರೆ ಏನೆಂದು ಯೋಚಿಸಿ. ಅವರ ತಂದೆಯ ಕಾಲದಲ್ಲಿ ಚಿತ್ರಗಾರ ಸಂಬಳ ಪಡೆಯುತ್ತಿದ್ದ, ಇನಾಮು ಬಂದರೆ ಕೈಮುಗಿದು ತೆಗೆದುಕೊಳ್ಳುತ್ತಿದ್ದ. ಮಗ ತನ್ನ ಕೆಲಸಕ್ಕೆ ತಾನೇ ಬೆಲೆ ಕಟ್ಟಿದರು. ಮಾಡಿದ ಕೆಲಸವನ್ನು ಕೂಲಿಯ ದಿನಗಳ ಲೆಕ್ಕದಲ್ಲಿ ಅಳೆಯಬೇಕೋ, ಕಲೆಯ ಲೆಕ್ಕದಲ್ಲೋ ಎಂಬುದು ಆ ವ್ಯಾಜ್ಯದ ಒಳಗೆ ಇದ್ದ ಪ್ರಶ್ನೆ ಎಂದು ನಾನು ಓದಿಕೊಂಡಿದ್ದೇನೆ. ಹಟಮಾರಿತನ ಎಂದವರು ಆಗಲೂ ಇದ್ದಿರಬೇಕು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಮುಂದೆ ಒಂದು ಕಂಪನಿಯಲ್ಲಿ ಎಂಟು ತಿಂಗಳ ನನ್ನ ಕೆಲಸವನ್ನು ಗಂಟೆಯ ಲೆಕ್ಕದ ಒಂದು ಪಟ್ಟಿಯಾಗಿ ಇಳಿಸಿ ಬೇರೆ ತಂಡಕ್ಕೆ ಕೊಟ್ಟಾಗ, ನಾನು ಸುಮ್ಮನೆ ತಲೆಯಾಡಿಸಿ ಬಂದೆ. ಆ ರಾತ್ರಿ ವೆಂಕಟಪ್ಪನವರ ದಾವೆಯ ವಿಷಯ ಬೇರೆ ಥರ ಕಂಡಿತು. ಅವರಿಗೆ ಆಗ ಐವತ್ತು ದಾಟಿತ್ತು, ಕೈಹಿಡಿಯುವ ಕುಟುಂಬವಿರಲಿಲ್ಲ.

ಮೈಸೂರು ಬಿಟ್ಟು ಬೆಂಗಳೂರಿಗೆ ಬಂದು ಮಲ್ಲೇಶ್ವರದಲ್ಲಿ ನೆಲೆಸಿದರು. ಕೊನೆಯ ವರ್ಷಗಳು ಅಲ್ಲೇ. ಜನರ ಜೊತೆ ಬಳಕೆ ಕಡಿಮೆ. ಬಳೇಪೇಟೆಯಿಂದ ಮಲ್ಲೇಶ್ವರ ಏನು ದೂರ, ಮಾರ್ಕೆಟ್ಟಿನಿಂದ ತರಕಾರಿ ಕೊಂಡು ಜನ ನಡೆದು ಹೋಗುತ್ತಿದ್ದ ಕಾಲ. ಆದರೂ ಅಷ್ಟು ದೊಡ್ಡ ಚಿತ್ರಗಾರ ಪಕ್ಕದ ಬಡಾವಣೆಯಲ್ಲಿ ಇದ್ದಾರೆಂದು ಪೇಟೆಯ ಬಹಳ ಮಂದಿಗೆ ಗೊತ್ತಿದ್ದಿರಲಾರದು. 1965ರಲ್ಲಿ ತೀರಿಕೊಂಡರು. ಬದುಕಿದ್ದಾಗ ಮಾರದೆ ಇಟ್ಟುಕೊಂಡದ್ದರಿಂದಲೇ ಚಿತ್ರಗಳು ಚದುರಿಹೋಗದೆ ಒಟ್ಟಿಗೆ ಉಳಿದು ಸರ್ಕಾರಕ್ಕೆ ಸೇರಿದವು. 1970ರ ದಶಕದಲ್ಲಿ ಕಸ್ತೂರಬಾ ರಸ್ತೆಯಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯದ ಮಗ್ಗುಲಲ್ಲಿ, ಅವರ ಹೆಸರಿನ ಗ್ಯಾಲರಿ ತೆರೆಯಿತು. ಕೆಳಗೆ ಅವರ ಚಿತ್ರಗಳು. ಉಳಿದ ಸಭಾಂಗಣಗಳಲ್ಲಿ ಹೊಸ ಕಲಾವಿದರು ಕಡಿಮೆ ಬಾಡಿಗೆಗೆ ಪ್ರದರ್ಶನ ಇಡುತ್ತಿದ್ದರು. ಚಿತ್ರಕಲೆಗೆ ಸರ್ಕಾರ ಕೊಡುವ ದೊಡ್ಡ ಪ್ರಶಸ್ತಿಗೆ ವರ್ಣಶಿಲ್ಪಿ ಕೆ. ವೆಂಕಟಪ್ಪ ಪ್ರಶಸ್ತಿ ಎಂದೇ ಹೆಸರು. 2016ರಲ್ಲಿ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನವೊಂದರ ಕೈಗೆ ಕೊಡುವ ಮಾತು ಬಂದಾಗ ಕಲಾವಿದರು ಬೀದಿಗಿಳಿದು ವಿರೋಧಿಸಿದರು. ಅಲ್ಲಿ ನಾನೂ ಒಂದು ಭಾನುವಾರ ಹೋಗಿ ನಿಂತಿದ್ದೆ. ಚಿತ್ರ ಬರೆಯುವುದನ್ನು ಬಿಟ್ಟು ಹತ್ತು ವರ್ಷವಾಗಿದ್ದ ನನಗೆ ಅಲ್ಲಿ ನಿಲ್ಲಲು ಏನು ಹಕ್ಕು ಎಂದು ಒಳಗೊಳಗೇ ನಾಚಿಕೆಯೂ ಆಗಿತ್ತು.

ಈಗ ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ಅವರು ನಿವೃತ್ತರಾದ ಮೇಲೆ ಶಾಲೆಗೆ ಇನ್ನೊಬ್ಬ ಡ್ರಾಯಿಂಗ್ ಮೇಷ್ಟ್ರು ಬರಲಿಲ್ಲ. ಆ ಪೀರಿಯಡ್ಡು ಗಣಿತಕ್ಕೆ ಹೋಯಿತು. ಮೂಲೆಯ ಕೊಠಡಿಯ ಬೀರುವಿನಲ್ಲಿ ಬಣ್ಣದ ಬಿಲ್ಲೆಗಳು ಒಣಗಿ ಬಿರಿದು ಕೂತಿದ್ದವು, ಹೋದ ಸಲ ಬಂದಾಗ ನೋಡಿದೆ. ಸುವರ್ಣ ಮಹೋತ್ಸವಕ್ಕೆ ಹಳೆಯ ವಿದ್ಯಾರ್ಥಿಗಳು ಕೊಟ್ಟ ಹಣದಲ್ಲಿ ಸ್ಮಾರ್ಟ್ ಕ್ಲಾಸ್ ಮಾಡುವುದೆಂದು ಸಮಿತಿ ತೀರ್ಮಾನಿಸಿದೆ. ನಾನೂ ಕೊಟ್ಟಿದ್ದೇನೆ, ಸ್ಮಾರ್ಟ್ ಕ್ಲಾಸ್ ಬೇಡ ಎನ್ನುವುದಿಲ್ಲ. ಆದರೆ ವಾರಕ್ಕೆ ಒಂದು ದಿನವಾದರೂ ಚಿತ್ರ ಕಲಿಸುವವರೊಬ್ಬರನ್ನು ಕರೆಸಲು ಆಗುವ ಖರ್ಚನ್ನು ನಮ್ಮ ಬ್ಯಾಚಿನವರು ಬೇರೆಯಾಗಿ ಕೊಡಲು ಸಿದ್ಧರಿದ್ದೇವೆ. ಇದನ್ನು ಸಭೆಯಲ್ಲಿ ಹೇಳಿದಾಗ ನೋಡೋಣ ಎಂಬ ಉತ್ತರ ಬಂತು. ಅಚ್ಚಾದರೆ ಮರೆಯುವುದು ಕಷ್ಟ ಎಂದು ಇಲ್ಲೂ ಬರೆದಿಡುತ್ತಿದ್ದೇನೆ.

2018ರ ಡಿಸೆಂಬರಿನಲ್ಲಿ ಮೇಷ್ಟ್ರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬೆಂಗಳೂರಿಗೆ ಬಂದರು. ಬಸ್‌ಸ್ಟ್ಯಾಂಡಿಗೆ ಹತ್ತಿರವೆಂದು ಬಳೇಪೇಟೆಯ ಮಾವನ ಮನೆಯಲ್ಲೇ ಉಳಿಸಿದೆ. ಎರಡೂ ಕಣ್ಣಿಗೆ ಪೊರೆ ಬಲಿತಿತ್ತು. ಮೊದಲು ಎಡಗಣ್ಣಿಗೆ ಆಪರೇಷನ್. ಪೊರೆ ಬಂದ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದೆ, ಅದು ನೀಲಿಯನ್ನು ತಡೆಯುತ್ತದೆ. ಫ್ರಾನ್ಸಿನ ದೊಡ್ಡ ಚಿತ್ರಗಾರ ಮೊನೆ ಇದೇ ಕಾಯಿಲೆಯಿಂದ ಬಣ್ಣಗಳ ಹಿಡಿತ ತಪ್ಪಿ ಒದ್ದಾಡಿ 1923ರಲ್ಲಿ ಆಪರೇಷನ್ ಮಾಡಿಸಿಕೊಂಡ. ಮೇಷ್ಟ್ರಿಗೆ ಪಟ್ಟಿ ಬಿಚ್ಚಿದ ಮರುದಿನ ಬೆಳಗ್ಗೆ ಮಹಡಿಯ ಮೇಲೆ ನಿಂತು ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, ಬದಲಾಯಿಸಿ ಬದಲಾಯಿಸಿ ಪೇಟೆಯನ್ನು ನೋಡುತ್ತಿದ್ದರು. ಕೆಳಗೆ ಬಳೆ ಅಂಗಡಿಯವರು ಬಾಗಿಲು ತೆಗೆದು ಸರಗಳನ್ನು ತೂಗುಹಾಕುತ್ತಿದ್ದರು. ಬಲಗಣ್ಣಿನಲ್ಲಿ ನೀಲಿ ಬಳೆಗಳೆಲ್ಲ ಬೂದಿ ಬೂದಿಯಾಗಿ, ಎಡಗಣ್ಣಿನಲ್ಲಿ ಕಣ್ಣು ಕುಕ್ಕುವಷ್ಟು ನೀಲಿಯಾಗಿ ಕಾಣುತ್ತಿವೆ ಎಂದರು. ಎಷ್ಟು ವರ್ಷದಿಂದ ಮಕ್ಕಳ ಚಿತ್ರಗಳಿಗೆ ತಪ್ಪು ಮಾರ್ಕು ಹಾಕಿದ್ದೇನೋ ಎಂದು ನಕ್ಕರು. ಆ ನಗುವಿನಲ್ಲಿ ಪೂರಾ ತಮಾಷೆ ಇರಲಿಲ್ಲ.

ಡಾಕ್ಟರು ಓಡಾಡಬಹುದೆಂದ ಮೇಲೆ, ಒಂದು ಶನಿವಾರ, ಕಪ್ಪು ಕನ್ನಡಕದ ಸಮೇತ ಆಟೋದಲ್ಲಿ ಗ್ಯಾಲರಿಗೆ ಕರೆದುಕೊಂಡು ಹೋದೆ. ಅವರು ಹಿಂದೆ ನೋಡಿದ್ದು ಟ್ರೈನಿಂಗಿನ ಕಾಲದಲ್ಲಿ, ನಲವತ್ತು ವರ್ಷದ ಮೇಲಾಗಿತ್ತು. ಒಳಗೆ ನಾವಿಬ್ಬರು, ಕಾಲೇಜಿನ ಹುಡುಗಿಯರಿಬ್ಬರು, ಕುರ್ಚಿಯಲ್ಲಿ ಕೂತಿದ್ದ ಕಾವಲಿನವರು, ಅಷ್ಟೇ. ಉಬ್ಬುಶಿಲ್ಪಗಳನ್ನು ಮೇಷ್ಟ್ರು ಬೇಗ ದಾಟಿದರು. ಊಟಿಯ ಚಿತ್ರಗಳ ಮುಂದೆ ಬಂದಾಗ ಕಪ್ಪು ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡರು. ಬೆಳದಿಂಗಳ ಚಿತ್ರದ ಮುಂದೆ ಎಷ್ಟು ಹೊತ್ತು ನಿಂತರೋ. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದಾಗ ಕಾವಲಿನವರು ಎದ್ದು ಬಂದು ದೂರ ನಿಲ್ಲಬೇಕೆಂದು ಹೇಳಿದರು. ಮೇಷ್ಟ್ರು ವಿಧೇಯ ವಿದ್ಯಾರ್ಥಿಯ ಹಾಗೆ ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಕೈ ಬದಲಾಯಿಸಿ ಎಡಗಣ್ಣು ಮುಚ್ಚಿ, ಹಳೆಯ ಪೊರೆಯ ಕಣ್ಣಿನಿಂದಲೂ ಅದೇ ಚಿತ್ರವನ್ನು ಒಮ್ಮೆ ನೋಡಿದರು.

ಹೊರಗೆ ಬಂದು ಕಬ್ಬನ್ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ಕಡಲೆಕಾಯಿ ತಿಂದೆವು. ಐದೂವರೆ ಆಗಿತ್ತು. ಮೇಷ್ಟ್ರು ನನ್ನನ್ನು ಈಗ ಏನಾದರೂ ಬರೆಯುತ್ತೀಯಾ ಎಂದು ಕೇಳಿದರು. ಇಲ್ಲ ಎಂದೆ. ಅವರು ಇನ್ನೇನೂ ಕೇಳಲಿಲ್ಲ. ವಾಪಸು ಬರುವಾಗ ಅವೆನ್ಯೂ ರಸ್ತೆಯಲ್ಲಿ ಆಟೋ ನಿಲ್ಲಿಸಿಸಿ, ಒಂದು ಸ್ಟೇಷನರಿ ಅಂಗಡಿಯಲ್ಲಿ ಹನ್ನೆರಡು ಬಣ್ಣದ ಒಂದು ಪೆಟ್ಟಿಗೆ ಮತ್ತು ದಪ್ಪ ಹಾಳೆಯ ಒಂದು ಪುಸ್ತಕ ಕೊಂಡರು. ಹಣ ನಾನು ಕೊಡಲು ಹೋದರೆ ಬಿಡಲಿಲ್ಲ. ಮನೆಗೆ ಹೋದ ಮೇಲೆ ಅದನ್ನು ನನ್ನ ಕೈಗಿಟ್ಟು, ಮುಂದಿನ ಬಸ್ಸು ಎಷ್ಟು ಗಂಟೆಗೆ ಎಂದು ಮಾವನನ್ನು ವಿಚಾರಿಸತೊಡಗಿದರು.